ಗಿರ್ಮಿಟ್ ಫಕ್ಕೀರಪ್ಪನ ಮನೆಗೆ ನೆಟ್ ಬಂದದ್ದು

ನಾನು ಒಂದು ರೌಟರ್. ಅಂಗೈಗಿಂತ ತುಸು ದೊಡ್ಡದಾದ ಕಪ್ಪು ಡಬ್ಬಿ, ತಲೆಯ ಮೇಲೆ ಎರಡು ಕೊಂಬು, ಎದೆಯ ಮೇಲೆ ಸಾಲಾಗಿ ಹಸಿರು ದೀಪ. ಹೊರಗಿನಿಂದ ಬರುವ ಇಂಟರ್ನೆಟ್ ತಂತಿಯನ್ನು ಬೆನ್ನಿಗೆ ಸಿಕ್ಕಿಸಿಕೊಂಡು, ಮನೆಯವರ ಫೋನುಗಳಿಗೆ ಗಾಳಿಯಲ್ಲಿ ಹಂಚುವುದು ನನ್ನ ಕಸುಬು. ಹುಟ್ಟಿದ್ದು ಒಂದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ಒಬ್ಬಾಕೆ ನನ್ನ ಕರುಳಿಗೆ ಬೆಸುಗೆ ಹಾಕಿದಳು, ಇನ್ನೊಬ್ಬಾಕೆ ಕಪ್ಪು ಅಂಗಿ ತೊಡಿಸಿದಳು, ಮತ್ತೊಬ್ಬಾಕೆ ಕರೆಂಟು ಕೊಟ್ಟು, ದೀಪ ಹತ್ತಿದ್ದನ್ನು ನೋಡಿ ರಟ್ಟಿನ ಪೆಟ್ಟಿಗೆಗೆ ಇಳಿಸಿದಳು. ಇವರಲ್ಲಿ ಹೆತ್ತ ತಾಯಿ ಯಾರೆಂದು ಕೇಳಿದರೆ ನಾನೇನು ಹೇಳಲಿ?

ಮೊದಲು ಸೇರಿದ್ದು ಹುಬ್ಬಳ್ಳಿಯ ಇನಾಮದಾರ ವಕೀಲರ ಮನೆ. ಶೋಕೇಸಿನಲ್ಲಿ ಗಣಪತಿಯ ಪಕ್ಕ ಜಾಗ. ಮರ್ಯಾದೆಗೆ ಕೊರತೆಯಿರಲಿಲ್ಲ, ಆದರೆ ಏಟೂ ತಪ್ಪುತ್ತಿರಲಿಲ್ಲ. ಬೀದಿಯಲ್ಲಿ ಯಾರೋ ಗುಂಡಿ ತೋಡಿ ತಂತಿ ಕಡಿದರೂ ವಕೀಲರು ಬಂದು ನನ್ನ ತಲೆಗೇ ತಟ್ಟುವರು. ತಪ್ಪು ಎಲ್ಲಿಯದೋ, ಶಿಕ್ಷೆ ಯಾರಿಗೋ. ಅದೂ ವಕೀಲರ ಮನೆಯಲ್ಲಿ! ಕೆಲವು ವರ್ಷಕ್ಕೆ ನಾಲ್ಕು ಕೊಂಬಿನ ಬಿಳಿ ರೌಟರ್ ಬಂತು. ನಾನು ಡ್ರಾಯರ್ ಸೇರಿದೆ.

ವಕೀಲರಿಗೆ ಸಂಜೆ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿನ್ನದಿದ್ದರೆ ದಿನ ಮುಗಿದಂತಾಗುತ್ತಿರಲಿಲ್ಲ. ಒಂದು ಸಂಜೆ ಅವರು ನನ್ನನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗಿ, ಗಿರ್ಮಿಟ್ ಗಾಡಿಯ ಫಕ್ಕೀರಪ್ಪ ಹೂಗಾರನಿಗೆ ಕೊಟ್ಟರು.

"ತಗೋಪಾ ಫಕ್ಕೀರಪ್ಪ. ಮನ್ಯಾಗ ಧೂಳು ತಿನ್ಲಿಕ್ಕತ್ತದ. ನೆಟ್ ಹಾಕಸ್ತೀನಿ ಅಂದಿದ್ಯಲ್ಲ, ಡಬ್ಬಿ ರೊಕ್ಕರೆ ಉಳೀತದ."

"ಉಳ್ಳಾಗಡ್ಡಿ ಜಾಸ್ತಿ ಹಾಕ್ಲ್ಯಾ ಸಾಹೇಬ್ರ?"

"ಹಾಕು ಹಾಕು. ಆದ್ರ ಇದು ಲಂಚ ಅಲ್ಲ ಮತ್ತ."

ನಾನು ಗಾಡಿಯ ಮೊಳೆಗೆ ಚೀಲದೊಳಗೆ ತೂಗಾಡುತ್ತ, ಮಂಡಕ್ಕಿ ಕಲಸುವ ಸದ್ದು ಕೇಳುತ್ತ, ಈ ಮನುಷ್ಯನಿಗೆ ನೆಟ್ ಯಾಕೆ ಬೇಕಾಯಿತು ಎಂಬ ಕಥೆಯನ್ನೂ ಕೇಳಿದೆ. ಫಕ್ಕೀರಪ್ಪ ಅದನ್ನು ಪ್ರತಿ ಗಿರಾಕಿಗೂ ಹೊಸದಾಗಿ ಹೇಳುತ್ತಿದ್ದ.

ಅವನ ಮಗಳು ದಾಕ್ಷಾಯಿಣಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಕಿವುಡರ ಶಾಲೆಯ ಹಾಸ್ಟೆಲಿನಲ್ಲಿ ಓದಿ ಬಂದವಳು, ಈಗ ಬ್ಲೌಸು ಹೊಲಿಯುತ್ತಾಳೆ. ಕೈಮಾತಿನಲ್ಲಿ ಅವಳಿಗೆ ಸರಿಸಾಟಿಯಿಲ್ಲ. ಫಕ್ಕೀರಪ್ಪನ ಅಕ್ಕ ಚಂದ್ರವ್ವ ಬಾಗಲಕೋಟೆಯಿಂದ ಒಂದು ಸಂಬಂಧ ತಂದಿದ್ದಳು. ಹುಡುಗನ ಹೆಸರು ಪ್ರಭುಲಿಂಗ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ, ಅವನಿಗೂ ಕೇಳಿಸದು. ಕನ್ಯೆ ನೋಡುವ ದಿನ ಅವಲಕ್ಕಿ ತಟ್ಟೆ ಇಟ್ಟು ದಾಕ್ಷಾ ಅವನತ್ತ ಕೈ ಎತ್ತಿದ್ದೇ ತಡ, ಕೋಣೆಯಲ್ಲಿದ್ದ ಅಷ್ಟೂ ಜನ "ಏನಂತ? ಏನಂದ್ಳು? ಅವ ಏನಂದ?" ಎಂದು ಮುಗಿಬಿದ್ದರು. ಅವಳು ಕೈಗಳನ್ನು ಮಡಿಲಲ್ಲಿ ಮಡಚಿ ಇಟ್ಟುಬಿಟ್ಟಳು.

ಅವರೆಲ್ಲ ಹೋದ ಮೇಲೆ ಅಪ್ಪನಿಗೆ ತನ್ನ ಷರತ್ತು ತಿಳಿಸಿದಳು. ಒಂದು ತಿಂಗಳು ಅವನ ಜೊತೆ ವಿಡಿಯೊದಲ್ಲಿ ಮಾತಾಡಬೇಕು. ಮನೆಯಲ್ಲಿ, ಒಬ್ಬಳೇ. ಆಮೇಲೆ ಹೂಂ ಅಥವಾ ಊಹೂಂ. ಹುಡುಗನ ಕಡೆಯವರು ಶ್ರಾವಣ ಮುಗಿಯುವವರೆಗೆ ಕಾಯಲು ಒಪ್ಪಿದರು. ಆದರೆ ಇವರ ಚಾಳು ಎತ್ತರದ ಗೋದಾಮಿನ ಹಿಂದೆ ಇತ್ತು. ಮೊಬೈಲ್ ಸಿಗ್ನಲ್ ಅಲ್ಲಿಗೆ ದಾರಿತಪ್ಪಿಯೂ ಬರುತ್ತಿರಲಿಲ್ಲ.

"ಹಿಂಗಾಗಿ ನೆಟ್ ಹಾಕಸಬೇಕ್ರಿ. ಯಾರದು ಛಲೋ ಐತಿ, ಅಗ್ಗದಾಗ?" ಎಂದು ಫಕ್ಕೀರಪ್ಪ ಕೇಳಿದ. ಗಿರಾಕಿಗಳಿಗೆ ಇಂಥ ಪ್ರಶ್ನೆ ಸಿಕ್ಕರೆ ಬಿಡುತ್ತಾರೆಯೇ?

"ಕಣ್ಣ ಮುಚ್ಚಿ ದೊಡ್ಡ ಕಂಪನಿದು ತಗೋ. ಟೀವಿ ಫುಕಟ್ ಕೊಡ್ತಾರ."

"ಫುಕಟ್ ಅಂದ್ರ ನೀ ವಿಷಾನೂ ಕುಡಿಯಾಂವ, ಸುಮ್ನಿರು. ಮಳಿ ಬಂದ್ರ ಅವರ ಫೋನ್ ಎತ್ತೂದಿಲ್ಲ."

"ಏ, ಸ್ಪೀಡ್ ನೂರು ಐತೆಪಾ, ನೂರು! ನಮ್ಮ ಮನ್ಯಾಗ ಸಿನಿಮಾ ಹಿಂಗ್ ಒತ್ತಿದ್ರ ಹಂಗ್ ಬರ್ತೈತಿ. ಒಂದು ಮಿರ್ಚಿ ಹಾಕಿಲ್ಲಿ."

ಎಲ್ಲರೂ ತಮ್ಮ ಮನೆಗೆ ಏನು ಬರುತ್ತದೆ ಎಂದೇ ಹೇಳಿದರು. ಮನೆಯಿಂದ ಏನು ಹೋಗುತ್ತದೆ ಎಂದು ಒಬ್ಬನೂ ಹೇಳಲಿಲ್ಲ. ಚೀಲದೊಳಗಿದ್ದ ನನಗೆ ಅದು ತಿಳಿಯುತ್ತಿತ್ತು. ಆದರೆ ತಂತಿ ಇಲ್ಲದ ರೌಟರ್ ಕಲ್ಲಿಗೆ ಸಮಾನ, ತಂತಿ ಇದ್ದರೂ ಮಿಣಮಿಣ ಅನ್ನುವುದಷ್ಟೇ ನಮ್ಮ ಭಾಷೆ.

ಫಕ್ಕೀರಪ್ಪ ಬಣ್ಣದ ಪಾಂಪ್ಲೆಟ್ ಹಂಚುತ್ತಿದ್ದ ಆ ದೊಡ್ಡ ಕಂಪನಿಯನ್ನೇ ಆರಿಸಿದ. ಆರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ ಅಗ್ಗ ಎಂದರು, ಕಟ್ಟಿದ. ನನ್ನನ್ನು ಹೊಲಿಗೆ ಯಂತ್ರದ ಮೇಲಿನ ಗೂಡಿನಲ್ಲಿ ಕೂರಿಸಿದರು. ಫಕ್ಕೀರಪ್ಪನ ಹೆಂಡತಿ ನೀಲವ್ವ ಅಡುಗೆಯ ವಿಡಿಯೊ ಹಾಕಿದಳು, ಎಲ್ಲೂ ನಿಲ್ಲದೆ ಓಡಿತು. ಫಕ್ಕೀರಪ್ಪ ಅಕ್ಕನಿಗೆ ಫೋನು ಹಚ್ಚಿದ. "ಯಕ್ಕಾ, ಕೇಳಸಾಕ್ಹತ್ತೇತೇನು?" "ಬಾಜೂಕ ಕುಂತಂಗ ಕೇಳಸ್ತೈತೋ!" ಪರೀಕ್ಷೆ ಮುಗಿಯಿತು, ಪೇಢೆ ಹಂಚಿದರು. ಕೇಳಿಸದ ಮಗಳಿಗಾಗಿ ತಂದ ನೆಟ್ಟನ್ನು ಮನೆಮಂದಿಯೆಲ್ಲ ಕಿವಿಯಿಂದಲೇ ಪರೀಕ್ಷಿಸಿದ್ದರು. ಅದು ಯಾರಿಗೂ ಹೊಳೆಯಲಿಲ್ಲ.

ದಾಕ್ಷಾ ಪ್ರಭುಲಿಂಗನಿಗೆ ವಿಡಿಯೊ ಹಚ್ಚಿದಳು. ಅವನ ಕೈಗಳು ನೀರಿನಂತೆ ಹರಿದು ಬಂದವು. ಆದರೆ ಆ ಕಂಪನಿಯವರ ದಾರಿ ಒಳಬರುವುದಕ್ಕೆ ಹೆದ್ದಾರಿ, ಹೊರಹೋಗುವುದಕ್ಕೆ ಸೂಜಿಯ ಕಣ್ಣು. ಮಾತಿನ ದನಿ ತೆಳ್ಳಗಿರುತ್ತದೆ, ನುಸುಳಿಹೋಗುತ್ತದೆ. ಎರಡು ಕೈ, ಹತ್ತು ಬೆರಳು, ಹುಬ್ಬು, ತುಟಿ ಎಲ್ಲ ಕೂಡಿ ಆಡುವ ಮಾತು ನುಸುಳುವುದು ಹೇಗೆ? ನಾನು ಅವಳ ಮಾತನ್ನು ಮೂಟೆ ಕಟ್ಟಿ ಕಟ್ಟಿ ಬಾಗಿಲಿಗೆ ತಂದಿಟ್ಟೆ. ಬಾಗಿಲಲ್ಲೇ ರಾಶಿ ಬಿತ್ತು. ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಅವಳಿಗೆ ತನ್ನ ಕೈ ಸರಾಗವಾಗಿಯೇ ಕಾಣುತ್ತಿತ್ತು, ಅದು ಅವಳ ಫೋನೇ ತೋರಿಸುವ ಕನ್ನಡಿ. ಬಾಗಲಕೋಟೆಯಲ್ಲಿ ಮಾತ್ರ ಅವಳು ಕೈ ಎತ್ತಿಕೊಂಡು ಗೊಂಬೆಯಂತೆ ಕೂತಿದ್ದಳು.

ಅವಳು ಕೇಳುವಳು. ಅವನು ಕಾಯುವನು. ಅವಳು ಮತ್ತೆ ಕೇಳುವಳು. ಅವನು ಮುಜುಗರದಿಂದ ನಕ್ಕು ತಲೆಯಾಡಿಸುವನು. ದಿನಗಳು ಹೀಗೇ ಹೋದವು. ತಲೆ ಆಡಿಸುವ ಬೊಂಬೆ ಇವನು ಎಂದು ದಾಕ್ಷಾ ಅಪ್ಪನಿಗೆ ಅಭಿನಯಿಸಿ ತೋರಿಸಿ ಕಣ್ಣೊರೆಸಿಕೊಂಡಳು.

ಒಂದು ಗುರುವಾರ ಬೆಳಿಗ್ಗೆ ಚಂದ್ರವ್ವನ ಫೋನು ಬಂತು.

"ಏನೋ ತಮ್ಮಾ, ನಿನ್ನ ಮಗಳು ಕೈ ಎತ್ತಿ ಹಂಗ ಕುಂದರ್ತಾಳಂತ. ಉತ್ತರಾನ ಕೊಡೂದಿಲ್ಲಂತ. ಮನಸಿಲ್ಲಂದ್ರ ಜುಲುಮಿ ಬ್ಯಾಡ ಅಂದಾನ ಹುಡುಗ. ಅವರವ್ವ ಸೋಮವಾರ ಮುಧೋಳದಾಗ ಇನ್ನೊಂದ್ ಕನ್ಯಾ ನೋಡಾಕ ಹೊಂಟಾಳ."

ಫಕ್ಕೀರಪ್ಪ, ನೀಲವ್ವ ಇಬ್ಬರೂ ಒಲೆಯ ಕಡೆ ತಿರುಗಿ ಮಾತಾಡಿಕೊಂಡರು. ಮಗಳಿಗೆ ಕಂಡದ್ದು ಎರಡು ಬೆನ್ನು. ಅವಳು ನೆಲಕ್ಕೆ ಕಾಲು ಅಪ್ಪಳಿಸಿದಳು. ಏನಿಲ್ಲ, ಏನಿಲ್ಲ ಎಂದು ಅಪ್ಪ ಕೈಯಾಡಿಸಿ ಗಾಡಿಗೆ ನಡೆದ.

ಏನಿಲ್ಲ ಅಂದರೆ ಬಿಡುವವಳೇ ದಾಕ್ಷಾ? ಮಧ್ಯಾಹ್ನ ಅಪ್ಪನ ಫೋನಿಗೆ ವಿಡಿಯೊ ಹಚ್ಚಿದಳು. ಅತ್ತೆ ಏನಂದಳು, ಹೇಳು, ಈಗಲೇ ಹೇಳು ಎಂದು ಎರಡೂ ಕೈಯಲ್ಲಿ ಗದರಿದಳು. ಆ ಕಡೆಯ ಗದ್ದಲವೆಲ್ಲ ನನ್ನ ಮೂಲಕ ಸ್ಪಷ್ಟವಾಗಿ ಬಂತು. ಬರುವ ದಾರಿ ಚೆನ್ನಾಗಿತ್ತಲ್ಲ.

"ಫಕ್ಕೀರಪ್ಪಾ, ನಿನ್ನ ಮಗಳು ಟ್ರಾಫಿಕ್ ಪೊಲೀಸ್ ಆಗ್ಯಾಳೇನೋ? ಕೈ ಎತ್ತಿ ನಿಂದ್ರಿಸ್ಯಾಳ ನೋಡು ಎಲ್ಲಾರ್ನೂ!" ಎಂದು ಗಿರಾಕಿಯೊಬ್ಬ ಪರದೆಗೆ ಇಣುಕಿ ಕೂಗಿದ.

ಫಕ್ಕೀರಪ್ಪ ನಕ್ಕ. ನಕ್ಕವನು ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದ. "ಕೈ ಎತ್ತಿ... ಯಕ್ಕನೂ ಇದನ್ನ ಅಂದ್ಲಲ್ಲಪಾ," ಎಂದ. ಬಾಣಲೆಯನ್ನು ಪಕ್ಕದ ಗಾಡಿಯವನಿಗೆ ಒಪ್ಪಿಸಿ ಮನೆಗೆ ಓಡಿಬಂದ.

ಬಂದವನೇ ಮಗಳ ಮುಂದೆ ಒಂದು ಕೈ ಎತ್ತಿ, ಬಾಯಿ ಅರ್ಧ ತೆರೆದು, ಕದಲದೆ ನಿಂತ. ಅವಳು ಮೊದಲು ಅಪ್ಪನಿಗೆ ಬಿಸಿಲು ನೆತ್ತಿಗೇರಿದೆ ಎಂದುಕೊಂಡಳು. ಅವನು ಅವಳ ಫೋನನ್ನು ತೋರಿಸಿ, ಮತ್ತೆ ಹಾಗೇ ನಿಂತ. ಆಗ ಅವಳ ಮುಖದಲ್ಲಿ ಆದ ಬದಲಾವಣೆಯನ್ನು ನಾನು ಗೂಡಿನಿಂದಲೇ ಕಂಡೆ. ಅವಳು ನನ್ನತ್ತ ತಿರುಗಿದಳು. ತಲೆಗೆ ಏಟು ಬಿತ್ತು ಎಂದುಕೊಂಡೆ. ಇಲ್ಲ, ತಂತಿ ಕಿತ್ತು, ಚೀಲಕ್ಕೆ ಹಾಕಿ, ಅಪ್ಪನ ತೋಳು ಹಿಡಿದು ಹೊರಟೇಬಿಟ್ಟಳು.

ಕಂಪನಿಯವರು ಕಟ್ಟಿದ ಹಣ ವಾಪಸಿಲ್ಲ ಎಂದರು. "ಹೋಗ್ಲಿ, ಒಂದು ಬಾಣಲಿ ಎಣ್ಣಿ ಚೆಲ್ತು ಅನ್ಕೋತೀನಿ," ಎಂದ ಫಕ್ಕೀರಪ್ಪ. ಅಲ್ಲಿಂದ ಬಂದದ್ದು ಚನ್ನವೀರ ಉಳ್ಳಾಗಡ್ಡಿಯ ಆಫೀಸಿಗೆ. ಹೆಸರಿಗೆ ಆಫೀಸು, ನೋಡಿದರೆ ಮಾಳಿಗೆ ಮೇಲಿನ ಒಂದು ಕೋಣೆ, ತಂತಿಯ ಸುರುಳಿಗಳ ನಡುವೆ ಒಂದು ಕುರ್ಚಿ. ಒಂದು ಕಾಲಕ್ಕೆ ಕೇಬಲ್ ಟೀವಿ ನಡೆಸುತ್ತಿದ್ದವನು, ಈಗ ನಾಲ್ಕು ಓಣಿಗೆ ನೆಟ್ ಕೊಡುತ್ತಾನೆ.

"ನಮ್ಮಲ್ಲಿ ಟೀವಿ-ಗೀವಿ ಫ್ರೀ ಇಲ್ರಿ. ಸ್ಪೀಡು ನಲವತ್ತ. ಆದ್ರ ಬರೂದೂ ನಲವತ್ತು, ಹೋಗೂದೂ ನಲವತ್ತು. ರೊಕ್ಕ ತಿಂಗಳಾ ತಿಂಗಳಾ ಕೊಡ್ರಿ, ಬ್ಯಾಡಾದ್ರ ಬಿಡ್ರಿ."

"ಬಾಯಿ ಮಾತು ಬ್ಯಾಡೋ ಮಾರಾಯಾ. ಕಲ್ಲಂಗಡಿ ಕೊಯ್ದು ತೋರಸ್ತಾರಲ್ಲ, ಹಂಗ ತೋರಸು. ನಮ್ಮ ಡಬ್ಬಿಗೇ ಹಚ್ಚು."

ಚನ್ನವೀರ ನನ್ನ ಬೆನ್ನಿಗೆ ತನ್ನ ತಂತಿ ಸಿಕ್ಕಿಸಿದ. ದಾಕ್ಷಾ ಕೋಣೆಯಲ್ಲಿ ಉಳಿದಳು, ಫಕ್ಕೀರಪ್ಪ ಫೋನು ಹಿಡಿದು ಕೆಳಗೆ ಬೀದಿಗೆ ಇಳಿದ. ಅವಳು ಕೈ ಎತ್ತಿ ಏನೋ ಹೇಳಿದಳು. ನನ್ನ ಎದುರು ಬಾಗಿಲು ಹಾರು ಹೊಡೆದಿತ್ತು. ಮೂಟೆ ಕಟ್ಟುವ ಮೊದಲೇ ಮಾತು ಹೊರಗೆ ಹಾರಿತು. ಚನ್ನವೀರ ಕಿಟಕಿಯಿಂದ ಬಗ್ಗಿ ನೋಡಿದ. ಕೆಳಗೆ, ಬೀದಿಯ ನಡುವೆ, ಫಕ್ಕೀರಪ್ಪ ತನ್ನ ಅಂಗಿಯನ್ನು ಬಗ್ಗಿ ನೋಡಿಕೊಂಡು, ತಪ್ಪಾಗಿ ಹಾಕಿದ್ದ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿಕೊಳ್ಳುತ್ತಿದ್ದ.

"ಇದ ಇರ್ಲಿ!" ಎಂದು ಅವನು ಕೆಳಗಿನಿಂದಲೇ ಕೂಗಿದ. ಆದರೂ ಮೇಲೆ ಬಂದು ಮಗಳ ಮುಖ ನೋಡಿ ಕಾದ. ಈ ಸಲ ಆರಿಸುವವಳು ಅವಳು. ದಾಕ್ಷಾ ಚನ್ನವೀರನಿಗೆ ಹೆಬ್ಬೆರಳು ತೋರಿಸಿದಳು.

ಶನಿವಾರ ತಂತಿ ಎಳೆಯುವಾಗ ನೆರೆಮನೆಯಾಕೆ ತನ್ನ ಗೋಡೆಗೆ ಮೊಳೆ ಹೊಡೆಯಬೇಡಿ ಎಂದು ಜಗಳ ತೆಗೆದಳು. ನೀಲವ್ವ, "ನನ್ನ ಮಗಳ ಮದುವಿ ಮಾತು ಇದರಾಗ ಹೋಗೂದೈತಿ ತಂಗಿ," ಎಂದಳು. "ಮೊದ್ಲ ಹೇಳಬಾರದೇನು? ಎರಡು ಮೊಳಿ ಹೊಡಿರಿ!" ಎಂದು ಆಕೆಯೇ ಸುತ್ತಿಗೆ ತಂದುಕೊಟ್ಟಳು.

ಭಾನುವಾರ ದಾಕ್ಷಾ ಕರೆ ಹಚ್ಚುವ ಹೊತ್ತಿಗೆ ಕೋಣೆಯಲ್ಲಿ ಅರ್ಧ ಚಾಳು ಕೂತಿತ್ತು. ಅವಳು ಎದ್ದು ಬಾಗಿಲ ಕಡೆ ಬೆರಳು ಮಾಡಿದಳು. "ನಾ ಹಡದಾಕಿ," ಎಂದು ನೀಲವ್ವ ಗೊಣಗಿದಳು, ಹಡೆದವಳೂ ಹೊರಗೇ. ಒಳಗೆ ಉಳಿದದ್ದು ಅವಳು, ನಾನು, ಬಾಗಲಕೋಟೆಯ ಆ ಮುಖ.

ಅವನಿಗೆ ಅವಳ ಕೈ ಮೊದಲ ಸಲ ಹರಿದು ಕಂಡಿತು. ಅವನು ಕಣ್ಣರಳಿಸಿದ. ಇಷ್ಟು ದಿನ ನೀನು ಎತ್ತಿದ ಕೈ ಇಳಿಸುತ್ತಲೇ ಇರಲಿಲ್ಲ, ಹೊಡೆಯುತ್ತೀಯೇನೋ ಎಂದು ಹೆದರಿ ತಲೆಯಾಡಿಸಿದೆ, ಎಂದ. ಅವಳು ನಕ್ಕು, ಹೊಡೆಯುವ ಯೋಚನೆ ಇತ್ತು ಎಂದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ದಿನವೂ ಕೇಳಿ ಉತ್ತರ ಸಿಗದೆ ಉಳಿದ ಪ್ರಶ್ನೆಯನ್ನು ನಿಧಾನವಾಗಿ ಕೇಳಿದಳು.

ಸಿಟ್ಟು ಬಂದಾಗ ನೀನು ಮುಖ ತಿರುಗಿಸುತ್ತೀಯಾ?

ಕಿವಿ ಕೇಳುವ ಜನಕ್ಕೆ ಇದು ಸಣ್ಣ ಪ್ರಶ್ನೆ. ಬೆನ್ನು ಹಾಕಿಕೊಂಡೂ ಅವರು ಜಗಳವಾಡಬಲ್ಲರು. ಕೈಯಿಂದ ಮಾತಾಡುವವರಿಗೆ ಮುಖ ತಿರುಗಿತೆಂದರೆ ಬಾಗಿಲು ಹಾಕಿದಂತೆ. ಹೊರಗಿನವರು ಏನು ಕೂಗಿದರೂ ಒಳಗೆ ಮುಟ್ಟದು.

ಪ್ರಭುಲಿಂಗನ ಕೈ ನಿಂತಿತು. ಮುಖವೂ ಕದಲಲಿಲ್ಲ. ದಾಕ್ಷಾ ಗಾಬರಿಯಿಂದ ನನ್ನತ್ತ ನೋಡಿದಳು. ನನ್ನ ದೀಪಗಳೆಲ್ಲ ಉರಿಯುತ್ತಿದ್ದವು. ತಂತಿಯದೇನೂ ತಪ್ಪಿರಲಿಲ್ಲ. ಅವನು ಯೋಚಿಸುತ್ತಿದ್ದ.

ತಿರುಗಿಸುತ್ತೇನೆ, ಎಂದ ಕೊನೆಗೆ. ಸುಳ್ಳು ಹೇಳಲಾರೆ, ಸಿಟ್ಟು ಬಂದರೆ ನನಗೆ ತಡೆಯದು. ನೀನು ಭುಜ ತಟ್ಟು. ತಿರುಗದಿದ್ದರೆ ಇನ್ನೂ ಜೋರಾಗಿ ತಟ್ಟು. ತಿರುಗುತ್ತೇನೆ. ನೀನು?

ನಾನು ಮೊದಲು ಒಂದು ಗುದ್ದು ಕೊಡುತ್ತೇನೆ, ಆಮೇಲೆ ಮುಖ ತಿರುಗಿಸುತ್ತೇನೆ, ಎಂದಳು ದಾಕ್ಷಾ.

ಅವನು ಎಷ್ಟು ನಕ್ಕನೆಂದರೆ ಅವನ ತಾಯಿ ಒಳಗಿನಿಂದ ಓಡಿಬಂದಳು. ಸ್ವಲ್ಪ ಹೊತ್ತಿಗೆ ಚಂದ್ರವ್ವನ ಫೋನು: "ತಮ್ಮಾ, ಮುಧೋಳ ಕ್ಯಾನ್ಸಲ್! ಹುಡುಗಿ ಹೂಂ ಅಂದಂಗೇನು?" ಫಕ್ಕೀರಪ್ಪ ಮಗಳನ್ನು ಕೇಳಿದ. ಅವಳು ಗೋಡೆಯ ಕ್ಯಾಲೆಂಡರ್ ತೋರಿಸಿದಳು. ತಿಂಗಳು ಇನ್ನೂ ಮುಗಿದಿಲ್ಲ. ಮುಗಿಯುವವರೆಗೆ ಅವಳು ಕೇಳುವುದನ್ನೆಲ್ಲ ಕೇಳಿದಳು, ಜಗಳವನ್ನೂ ಒಮ್ಮೆ ಆಡಿ ನೋಡಿದಳು. ಶ್ರಾವಣ ಮುಗಿಯುವ ಮುನ್ನ ತಾನೇ ಅವನಿಗೆ ಹೂಂ ಎಂದು, ಆಮೇಲೆ ಹೊರಗೆ ಬಂದು ಅಪ್ಪ ಅವ್ವನಿಗೆ ಹೇಳಿದಳು.

ಬಾಗಲಕೋಟೆಗೆ ಅವಳ ಹೊಲಿಗೆ ಯಂತ್ರದ ಜೊತೆ ನಾನೂ ಹೋದೆ. ಹುಬ್ಬಳ್ಳಿಯ ಗೂಡಿಗೆ ಚನ್ನವೀರ ಬೇರೊಂದು ಡಬ್ಬಿ ತಂದಿಟ್ಟ. ಅಲ್ಲಿ ಯಾರ ನೆಟ್ ಹಾಕಿಸಬೇಕೆಂದು ಅವಳು ಯಾರನ್ನೂ ಕೇಳಲಿಲ್ಲ. ನನ್ನನ್ನು ಹಿಡಿದು ಅಂಗಡಿ ಅಂಗಡಿ ಅಲೆದು, ಗಂಡನನ್ನು ಬೀದಿಯಲ್ಲಿ ನಿಲ್ಲಿಸಿ, ಕಣ್ಣಾರೆ ನೋಡಿ ಆರಿಸಿದಳು. ವರ್ಷಗಳು ಉರುಳಿದವು. ನನಗೆ ವಯಸ್ಸಾಯಿತು. ಮೈ ಬೇಗ ಬಿಸಿಯಾಗುತ್ತದೆ, ಒಂದು ಕೊಂಬು ಸಡಿಲವಾಗಿದೆ. ಹೊಸ ರೌಟರ್ ಬಂದಿದೆ. ನಾನೀಗ ಕಿಟಕಿಯ ಮೇಲಿನ ಹಲಗೆಯಲ್ಲಿ, ಹಳೆಯ ಬಲ್ಬುಗಳ ಜೊತೆ, ಗುಜರಿಯವನು ಬರುವುದನ್ನು ಕಾಯುತ್ತಿದ್ದೇನೆ. ದುಃಖವಿಲ್ಲ.

ಯಾಕೆಂದರೆ ಕೊನೆಯ ವರ್ಷ ನನ್ನ ಮೂಲಕ ಒಂದು ಮಾತು ಬಂತು. ನೀಲವ್ವನಿಗೆ ಮೊದಲು ಊಟ, ನಿದ್ದೆ, ಬಾ, ಹೋಗು ಇಷ್ಟೇ ಕೈಮಾತು ಬರುತ್ತಿದ್ದುದು. ಮಗಳು ಗಂಡನ ಮನೆಗೆ ಹೋದ ಮೇಲೆ ದಿನವೂ ವಿಡಿಯೊದಲ್ಲಿ ತಪ್ಪಿ ತಪ್ಪಿ ಕಲಿತಳು. ಮಗಳು ನಗುವಳು, ಅವ್ವ "ನಗಬ್ಯಾಡ ಲೇ," ಎಂದು ಬೈದು ಮತ್ತೆ ಬೆರಳು ಮಡಚುವಳು. ಒಂದು ಮಧ್ಯಾಹ್ನ, ದಾಕ್ಷಾ ಬಸುರಿಯಾಗಿದ್ದಾಗ, ನೀಲವ್ವ ಕೂತು ಮಗಳಿಗೆ ಅವಳು ಹುಟ್ಟಿದ ದಿನದ ಕಥೆಯನ್ನು ಹೇಳಿದಳು. ಆಸ್ಪತ್ರೆಗೆ ಎತ್ತಿನ ಗಾಡಿಯಲ್ಲಿ ಹೋದದ್ದು, ದಾರಿಯಲ್ಲಿ ಅಪ್ಪ ಅತ್ತದ್ದು, ಕೂಸು ಮೊದಲು ಹಿಡಿದುಕೊಂಡದ್ದು ಅವ್ವನ ಮೂಗುತಿಯನ್ನು, ಎಲ್ಲ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಹೇಳಲಾಗದೆ ಉಳಿದಿದ್ದ ಕಥೆ. ದಾಕ್ಷಾ ನಡುವೆ ಒಂದು ಬೆರಳೂ ಎತ್ತಲಿಲ್ಲ. ಮುಗಿದ ಮೇಲೆ ಇನ್ನೊಮ್ಮೆ ಹೇಳು ಎಂದಳು.

ನೀಲವ್ವ ಇನ್ನೊಮ್ಮೆ ಹೇಳಿದಳು.