ಇಬ್ಬರು ಧಣಿಗಳ ಬೇಸ್ ಗಿಟಾರು

ಎಕೊಫೊನ ಬೇಸ್ ಗಿಟಾರಿನ ಕುದುರೆ ಮತ್ತೆ ಎದ್ದಿತ್ತು. ತಂತಿಗಳ ಬುಡ ಹಿಡಿದುಕೊಂಡು ಗಿಟಾರಿನ ಹೊಟ್ಟೆಯ ಮೇಲೆ ತೆಪ್ಪಗೆ ಕೂತಿರಬೇಕಾದ ಆ ಮರದ ಪಟ್ಟಿ, ನಾಲ್ಕು ದಪ್ಪ ತಂತಿಗಳ ಎಳೆತ ತಾಳಲಾರದೆ ಹಿಂಬದಿಯಿಂದ ಮೆಲ್ಲಗೆ ಮೇಲೇಳುತ್ತಿತ್ತು. ಮೊದಮೊದಲು ಸಂದಿಯಲ್ಲಿ ಒಂದು ಕೂದಲೆಳೆ ತೂರುತ್ತಿತ್ತು, ಆಮೇಲೆ ಕಾಗದ ತೂರಿತು, ಈಗ ಬಿಯರ್ ಬಾಟಲಿಯ ಮುಚ್ಚಳವೇ ಹಿಡಿಸುವಂತಾಗಿತ್ತು. ಅವನು ಚಪ್ಪಲಿ ಹೊಲಿಯುವವನ ಅಂಟು ಹಾಕಿ ನೋಡಿದ್ದ, ಪಂಕ್ಚರ್ ಅಂಗಡಿಯ ಅಂಟು ಹಾಕಿ ನೋಡಿದ್ದ, ಕೊನೆಗೆ ಕೊಳಾಯಿ ಪೈಪು ಜೋಡಿಸುವ ಅಂಟನ್ನೂ ಸುರಿದಿದ್ದ. ಎಲ್ಲವೂ ತಂತಿ ಬಿಗಿಯುವ ತನಕ ಮರ್ಯಾದಸ್ಥರ ಹಾಗೆ ಇದ್ದು, ಬಿಗಿದ ಕೂಡಲೇ ಕೈಕೊಡುತ್ತಿದ್ದವು.

ಬೇರೆ ಸಮಯದಲ್ಲಾಗಿದ್ದರೆ ಅವನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಬರುವ ಶನಿವಾರ ಸಿಮೆಂಟಿನ ಧಣಿ ಕಲಂಬಾಯಿ ತನ್ನ ತಾಯಿಯ ಸೂತಕ ಕಳೆಯುವ ಊಟ ಇಟ್ಟುಕೊಂಡಿದ್ದ. ಕಿನ್ಶಾಸಾದ ಬಂದಾಲ್ ಕೇರಿಯ ಅರ್ಧ ಜನ ಅಲ್ಲಿಗೆ ಬರುವವರೇ. ನುಡಿಸಬೇಕಾದದ್ದು ಎಕೊಫೊನ ತಂಡ. ತಂಡದ ಯಜಮಾನ ಬೊಕೆಲೆಯನ್ನು ಎಲ್ಲರೂ ಪ್ರೆಸಿಡೆಂಟ್ ಎಂದೇ ಕರೆಯುತ್ತಿದ್ದರು, ಅವನೂ ಹಾಗೇ ನಡೆದುಕೊಳ್ಳುತ್ತಿದ್ದ.

"ನೋಡು ಎಕೊಫೊ, ಶನಿವಾರ ನಿನ್ ಗಿಟಾರು ಒಂದ್ ಸಲ ಅಪಸ್ವರ ಅಂದ್ರೂ ನೀನು ಕೆಳಗಿಳೀತೀಯ, ನಮ್ ಗ್ಲೋಡಿ ಮೇಲೆ ಹತ್ತುತ್ತಾನೆ. ಆಮೇಲೆ ಅವನನ್ನ ಇಳಿಸೋ ಮಾತೇ ಇಲ್ಲ," ಎಂದಿದ್ದ ಪ್ರೆಸಿಡೆಂಟ್.

ಗ್ಲೋಡಿ ಪ್ರೆಸಿಡೆಂಟನ ಸೋದರಳಿಯ. ಮದುವೆಯಾಗಿ ಮಗುವಿದ್ದ ಗಂಡಸು, ಆದರೂ ಮಾವನ ಹಿಂದೆ ಬಾಲ ಅಲ್ಲಾಡಿಸುವುದೇ ಅವನ ಕಸುಬು. ಹೊಳೆಯುವ ಹೊಸ ಬೇಸೊಂದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಪ್ರತಿ ಕಾರ್ಯಕ್ರಮಕ್ಕೂ ಬಂದು, ಎಕೊಫೊನ ಕುದುರೆಯನ್ನೇ ದಿಟ್ಟಿಸುತ್ತಾ ಕೂರುತ್ತಿದ್ದ.

ಎಕೊಫೊ ಬರೀ ಬೇಸ್ ನುಡಿಸುವವನಲ್ಲ, ಹೆಸರು ಕೂಗುವವನೂ ಅವನೇ. ಹಾಡು ಕಾವೇರಿ, ಜನರ ಸೊಂಟ ತಾನಾಗಿ ಕುಣಿಯತೊಡಗಿದಾಗ, ಧಣಿಗಳ ಹೆಸರನ್ನು ಮೈಕಿನಲ್ಲಿ ಕೂಗಿ ಮೆರೆಸಬೇಕು. ಕೂಗಿಸಿಕೊಂಡವನು ಊರಿಗೆ ದೊಡ್ಡವನು, ಕೂಗದೆ ಬಿಟ್ಟವನು ಇದ್ದೂ ಸತ್ತ ಹಾಗೆ. ಲಿಬಂಗಾ ಎನ್ನುವ ಈ ಕೂಗಿಗಾಗಿ ಜನ ಏನೇನು ಮಾಡುತ್ತಾರೆಂಬುದನ್ನು ಹೇಳಹೊರಟರೆ ಈ ಕಥೆ ಮುಗಿಯುವುದಿಲ್ಲ. ಧಣಿಗಳಾದ ಕಲಂಬಾಯಿ ಮತ್ತು ಲೊಕ್ವಾ ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಗೆಳೆಯರು. ಯಾವುದೋ ಮದುವೆಯಲ್ಲಿ ಇದೇ ಎಕೊಫೊ ಒಬ್ಬನ ಹೆಸರನ್ನು ಮೊದಲು ಕೂಗಿ ಇನ್ನೊಬ್ಬನದನ್ನು ಆಮೇಲೆ ಕೂಗಿದನೆಂದು ಅವತ್ತಿನಿಂದ ಮಾತು ಬಿಟ್ಟಿದ್ದರು.

ಗುರುವಾರ ಬೆಳಿಗ್ಗೆ ಎಕೊಫೊ ಇಸ್ತ್ರಿ ಹಾಕಿದ ಗುಲಾಬಿ ಅಂಗಿ ತೊಟ್ಟು, ಗಿಟಾರನ್ನು ಹೆಗಲಿಗೇರಿಸಿ ಮಟುಜೋಲಾಳ ಕೊಟ್ಟಿಗೆಗೆ ಬಂದ. ಮಟುಜೋಲಾ ಗಿಟಾರು ಮಾಡುವ ಹೆಂಗಸು. ಕೇರಿಯ ಮುಕ್ಕಾಲುಪಾಲು ಗಿಟಾರುಗಳು ಅವಳ ಕೈಯಲ್ಲೇ ಹುಟ್ಟಿದವು, ಇದೂ ಅವಳದೇ ಕೂಸು. ಅವಳು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಉಜ್ಜುತ್ತಿದ್ದಳು. ತಲೆ ಎತ್ತಲಿಲ್ಲ.

"ಬಂದ್ಯಾ? ಯಾರ್ ಸತ್ರು?"

"ಯಾರೂ ಇಲ್ಲಕ್ಕಾ. ನಿನ್ ಕುದುರೆ ಎದ್ದಿದೆ."

"ನನ್ ಕುದುರೆ ಏಳಲ್ಲ. ನೀನೇನು ಮಾಡ್ದೆ ಹೇಳು."

"ನಾನೇನ್ ಮಾಡ್ಲಿ? ದೇವರಾಣೆ ಮುಟ್ಟಿಲ್ಲ. ನೀನ್ ಹಾಕಿದ ಮರಾನೇ ಸರಿ ಇಲ್ಲ ಅನ್ಸತ್ತೆ."

ಮರ ಸರಿ ಇಲ್ಲ ಎಂದದ್ದೇ ತಡ, ಮಟುಜೋಲಾ ಉಜ್ಜುಕಾಗದ ಬಿಸಾಡಿ ಗಿಟಾರನ್ನು ಕಿತ್ತುಕೊಂಡಳು. ಹೊಟ್ಟೆಯ ತುಂಬ ಚಿನ್ನದ ಬಣ್ಣದಲ್ಲಿ ಕಲಂಬಾಯಿ ಎಂಬ ಹೆಸರು, ಒಂದೊಂದು ಅಕ್ಷರ ಅಂಗೈಯಗಲ. ಅವಳು ತಂತಿ ಸಡಿಲಿಸಿ, ಇದ್ದಿಲ ಮೇಲೆ ಬಿಸಿ ಮಾಡಿದ ತೆಳು ಚೂರಿಯನ್ನು ಕುದುರೆಯ ಅಡಿಗೆ ತೂರಿಸಿದಳು. ಅದು ಕಿತ್ತುಬರಲು ಕಾದೇ ಇತ್ತೋ ಏನೋ, ಟಪ್ಪೆಂದು ಬಂತು. ಮಗುಚಿ ನೋಡಿದರೆ ಕುದುರೆಯ ಅಡಿಯೆಲ್ಲ ಚಿನ್ನದ ಸಿಪ್ಪೆ.

"ಅಂಟಿಗೆ ಬಯ್ಬೇಡ ಕಣೋ. ಪಾಪ, ಅದು ಗಟ್ಟಿಯಾಗೇ ಹಿಡ್ಕೊಂಡಿದೆ. ಬಣ್ಣಾನ ಹಿಡ್ಕೊಂಡಿದೆ! ಮರ ಎಲ್ಲಿ ಸಿಕ್ತು ಅದಕ್ಕೆ? ಕುದುರೆ ಕಿತ್ತು, ಅಡಿಗೆ ಬಣ್ಣ ಬಳಿದು, ಮೇಲೆ ಕೂರ್ಸಿದ್ದೀಯ. ಮುಟ್ಟಿಲ್ವಂತೆ, ದೇವರಾಣೆಯಂತೆ."

"ಧಣಿ ಒಪ್ಪಲಿಲ್ಲಕ್ಕಾ. 'ನನ್ ಹೆಸರಿನ ನಡುವೆ ಮರದ ತುಂಡು ಬಂದು ಅಕ್ಷರ ಕಡಿದಿದೆ, ಅಪಶಕುನ' ಅಂದ್ರು. ಅದಕ್ಕೇ ಕಿತ್ತು, ಹೆಸರು ಪೂರ್ತಿ ಬರೆದು, ಆಮೇಲೆ..."

"ಆಮೇಲೆ ಅದರ ಮೇಲೇ ಕುದುರೆ ಇಟ್ಟು ಮುಚ್ಚಿದೆ."

"ಮುಚ್ಚಿದ್ರೇನು? ಕೆಳಗೆ ಹೆಸರು ಪೂರ್ತಿ ಇದೆ ಅಂತ ನಂಗೂ ಗೊತ್ತು, ಧಣಿಗೂ ಗೊತ್ತು."

ಮಟುಜೋಲಾ ನಗತೊಡಗಿದಳು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಸೆರಗಿಲ್ಲದ್ದರಿಂದ ಎಕೊಫೊನ ಇಸ್ತ್ರಿ ಅಂಗಿಯ ತೋಳಿಗೇ ಒರೆಸಿಕೊಂಡಳು.

"ರಿಪೇರಿ ಮಾಡ್ಕೊಡ್ತೀನಿ," ಎಂದಳು. "ದುಡ್ಡು ಬೇಡ. ಶನಿವಾರ ಮೈಕಿನಲ್ಲಿ ನನ್ ಹೆಸರು ಕೂಗ್ಬೇಕು."

"ಅಯ್ಯೋ, ಅದೆಷ್ಟರ ಮಾತು! ಮೊದಲನೇ ಕೂಗೇ ನಿಂದು."

"ಹೋದ್ ಸಲಾನೂ ಇದೇ ಅಂದಿದ್ದೆ. ಅದರ ಹಿಂದಿನ್ ಸಲಾನೂ."

"ಹೋದ್ ಸಲ ಧಣಿಗಳು ಜಾಸ್ತಿ ಆಗಿ ಹಾಡೇ ಮುಗ್ದೋಯ್ತಕ್ಕಾ. ಈ ಸಲ ತಪ್ಪಲ್ಲ. ನನ್ ಮುಖ ನೋಡು, ಸುಳ್ಳು ಹೇಳೋ ಮುಖಾನಾ ಇದು?"

ಅವಳು ಮುಖ ನೋಡಿದಳು. ಎಕೊಫೊ ಬೆಣ್ಣೆ ಹಚ್ಚುವುದರಲ್ಲಿ ಎತ್ತಿದ ಕೈ. ಕೂಗುವ ಉದ್ದೇಶ ಅವನಿಗೆ ಎಳ್ಳಷ್ಟೂ ಇರಲಿಲ್ಲ. ಧಣಿಗಳ ಸಾಲಿನಲ್ಲಿ ಮರ ಉಜ್ಜುವವಳ ಹೆಸರು ಕೂಗಿದರೆ ಪ್ರೆಸಿಡೆಂಟ್ ಸುಮ್ಮನಿರುತ್ತಾನೆಯೇ?

ಅವಳು ಕೆಲಸಕ್ಕೆ ಕೂತಳು. ಕುದುರೆ ಕೂರುವಷ್ಟು ಜಾಗದ ಬಣ್ಣ ಹೆರೆದಳು. ಅಂಚಿನಲ್ಲಿ ಚಿನ್ನದ ಬಣ್ಣ ಹೋಗಿ ಅಡಿಯಿಂದ ಹಸಿರು ಬಂತು. ಅದನ್ನೂ ಹೆರೆದು ಬರೀ ಮರ ತೆಗೆದಳು. ಬಿಳಿ ಅಂಟು ತೆಳುವಾಗಿ ಹಚ್ಚಿ, ಕುದುರೆ ಕೂರಿಸಿ, ದನಿ ಬರುವ ಗುಂಡಿಯೊಳಗಿಂದ ಇಕ್ಕಳ ತೂರಿಸಿ ಬಿಗಿದು, ಮೇಲೆ ಟ್ಯೂಬಿನ ರಬ್ಬರ್ ಪಟ್ಟಿ ಸುತ್ತಿದಳು. "ನಾಳೆ ಸಾಯಂಕಾಲದ ತನಕ ಇದರ ಮೇಲೆ ಉಸಿರೂ ಬಿಡ್ಬೇಡ," ಎಂದು ಅವನನ್ನು ಅಟ್ಟಿದಳು.

ಶುಕ್ರವಾರ ಸಂಜೆ ಎಕೊಫೊ ಬಂದು ನೋಡಿದ. ಕುದುರೆ ಬಂಡೆಯ ಹಾಗೆ ಕೂತಿತ್ತು, ಅದು ಸರಿ. ಆದರೆ ಸುತ್ತಲಿನ ಚಿನ್ನದ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದುಹೋಗಿ, ಅದರಡಿಯಲ್ಲಿ ವರ್ಷಗಟ್ಟಲೆ ಹೂತಿದ್ದ ಹಸಿರು ಹೆಸರು ಢಾಳಾಗಿ ಎದ್ದು ನಿಂತಿತ್ತು: ಲೊಕ್ವಾ. ಮದುವೆಮನೆಯ ಜಗಳಕ್ಕೆ ಮುಂಚೆ ಲೊಕ್ವಾ ತಂಡದ ಧಣಿಯಾಗಿದ್ದಾಗ ಎಕೊಫೊನೇ ಬರೆದದ್ದು, ಧಣಿ ಬದಲಾದಾಗ ಅದರ ಮೇಲೇ ಚಿನ್ನ ಬಳಿದದ್ದು.

"ಅಕ್ಕಾ! ಏನಕ್ಕಾ ಇದು!"

"ರಬ್ಬರ್ ಬಿಚ್ಚೋವಾಗ ಕೈ ಜಾರ್ತು," ಎಂದಳು ಮಟುಜೋಲಾ.

"ನಿನ್ ಕೈ ಯಾವತ್ತಾದ್ರೂ ಜಾರಿದ್ದುಂಟಾ?"

"ವಯಸ್ಸಾಯ್ತಲ್ಲಪ್ಪಾ." ಅವಳು ಮುಖ ಅತ್ತ ತಿರುಗಿಸಿಕೊಂಡು ಎಲೆಯಲ್ಲಿ ಬೇಯಿಸಿದ ಮರಗೆಣಸಿನ ಕ್ವಾಂಗಾ ಬಿಚ್ಚಿ ತಿನ್ನತೊಡಗಿದಳು. ಭುಜ ಮಾತ್ರ ಕುಲುಕುತ್ತಿತ್ತು.

ಮತ್ತೆ ಬಣ್ಣ ಬಳಿದರೆ ನಾಳೆಗೆ ಒಣಗುವುದಿಲ್ಲ. ಧಣಿಯ ತಾಯಿಯ ಊಟದಲ್ಲಿ ಧಣಿಯ ವೈರಿಯ ಹೆಸರು ಹೊಟ್ಟೆಗೆ ಅಂಟಿಸಿಕೊಂಡು ನಿಂತರೆ ಗ್ಲೋಡಿ ಮೇಲೆ ಹತ್ತುವುದಕ್ಕೆ ಕುದುರೆ ಏಳುವ ತನಕ ಕಾಯಬೇಕಾಗಿಯೇ ಇಲ್ಲ. ಎಕೊಫೊ ಮನೆಗೆ ಹೋಗಿ ತಲೆಯ ಮೇಲೆ ಕೈ ಹೊತ್ತು ಕೂತ. ಎದುರಿನ ಗೂಟದಲ್ಲಿ ನಾಳೆ ತೊಡಬೇಕಾದ ಅಂಗಿ ನೇತಾಡುತ್ತಿತ್ತು. ಊಟಕ್ಕೆ ಬರುವವರೆಲ್ಲ ಒಂದೇ ಬಟ್ಟೆಯಲ್ಲಿ ಹೊಲಿಸಿಕೊಳ್ಳಲೆಂದು ಧಣಿ ಹಂಚಿದ್ದ ನೀಲಿ ಬಟ್ಟೆ. ಅದರ ತುಂಬ ಸತ್ತ ತಾಯಿಯ ಮುಖ ಅಚ್ಚಾಗಿತ್ತು. ಹೊಲಿದು ಮಿಕ್ಕ ತುಂಡೂ ಇತ್ತು. ಎಕೊಫೊ ಎದ್ದು ಕುಣಿದ. ಮರಗೆಣಸಿನ ಹಿಟ್ಟನ್ನು ಗಂಜಿ ಕಾಯಿಸಿ, ತಾಯಿಯ ಮುಖ ಕುದುರೆಗೂ ದನಿಗುಂಡಿಗೂ ನಡುವೆ ಬರುವಂತೆ ಬಟ್ಟೆ ಕತ್ತರಿಸಿ, ಹೊಟ್ಟೆಯ ತುಂಬ ಅಂಟಿಸಿಬಿಟ್ಟ. ಇವನು ಅಂಟಿಸಿದ್ದು ಎಂದಾದರೂ ನಿಂತದ್ದುಂಟೇ ಎಂಬ ಯೋಚನೆ ಮಾತ್ರ ಅವನ ತಲೆಗೆ ಹೊಳೆಯಲಿಲ್ಲ.

ಶನಿವಾರ ಮಧ್ಯಾಹ್ನ ಧಣಿಯ ಬೀದಿಗೆ ಬೀದಿಯೇ ನೀಲಿಯಾಗಿತ್ತು. ಎಲ್ಲೆಲ್ಲೂ ಪ್ಲಾಸ್ಟಿಕ್ ಕುರ್ಚಿ, ಸುಟ್ಟ ಮೀನಿನ ಹೊಗೆ, ಪೊಂದು ಸೊಪ್ಪಿನ ದೊಡ್ಡ ದೊಡ್ಡ ಪಾತ್ರೆ. ಬಡಿಸುವ ಹೆಂಗಸರ ನಡುವೆ ಮಟುಜೋಲಾ ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು. ಹಿಂದಿನ ಸಾಲಿನಲ್ಲಿ ಲೊಕ್ವಾ ಒಬ್ಬನೇ ಕೂತಿದ್ದ. ಮಾತು ಬಿಟ್ಟಿದ್ದರೇನು, ಚಿಕ್ಕಂದಿನಲ್ಲಿ ಉಣಿಸಿದ ತಾಯಿಯ ಊಟಕ್ಕೆ ಬಾರದಿರಲು ಅವನಿಗೆ ಮನಸ್ಸಾಗಿರಲಿಲ್ಲ. ಕಲಂಬಾಯಿ ಅವನತ್ತ ತಿರುಗಿಯೂ ನೋಡಿರಲಿಲ್ಲ.

ವೇದಿಕೆಯ ಮೇಲೆ ತಾಯಿಯ ಮುಖ ಹೊತ್ತ ಗಿಟಾರು ಕಂಡದ್ದೇ ಕಲಂಬಾಯಿ ಗೊಳೋ ಎಂದು ಅತ್ತ. ಜನ ಚಪ್ಪಾಳೆ ತಟ್ಟಿದರು. ಪ್ರೆಸಿಡೆಂಟ್ ಎಕೊಫೊನ ಬೆನ್ನು ತಟ್ಟಿದ. ಗ್ಲೋಡಿ ಮೂಗು ಮುರಿದು ಪೆಟ್ಟಿಗೆಯ ಮೇಲೆ ಕೂತ. ಎಕೊಫೊ ಮೊದಲ ಸ್ವರ ಮೀಟಿದ, ಕುದುರೆ ಕದಲಲಿಲ್ಲ. ಬೇಸಿನ ದನಿ ನೆಲದೊಳಗಿಂದ ಎದ್ದು ಕುರ್ಚಿಗಳ ಕಾಲು ಹಿಡಿದು ಜನರ ಹೊಟ್ಟೆಗೆ ಇಳಿಯಿತು. ಇಷ್ಟು ಚೆಂದದ ದನಿ ಈ ಗಿಟಾರಿನೊಳಗಿತ್ತೇ ಎಂದು ಅವನಿಗೇ ಆಶ್ಚರ್ಯವಾಯಿತು.

ಹಾಡು ಕಾವೇರಿತು. ಕಲಂಬಾಯಿ ಕುಣಿಯುತ್ತಾ ವೇದಿಕೆ ಹತ್ತಿ, ಎಕೊಫೊನ ಹಣೆಗೊಂದು ನೋಟು ಅಂಟಿಸಿ, ಬಗ್ಗಿ ತಾಯಿಯ ಮುಖಕ್ಕೆ ಮುತ್ತಿಟ್ಟ. ಅತ್ತ ಕಣ್ಣೀರು, ಕುಣಿದ ಬೆವರು, ಕುಡಿದ ಬಿಯರು ಎಲ್ಲ ಸೇರಿ ಗಂಜಿಯನ್ನು ನೆನೆಸಿದವು. ಧಣಿ ತಲೆ ಎತ್ತಿದಾಗ ಬಟ್ಟೆಯ ಅಂಚು ಅವನ ಕೋಟಿನ ಗುಂಡಿಗೆ ಸಿಕ್ಕಿ ಸರ್ರನೆ ಎದ್ದುಬಂತು.

ಬಿಸಿಲಿಗೆ ಹಸಿರು ಹೆಸರು ಫಳಫಳ ಹೊಳೆಯಿತು.

"ಲೊಕ್ವಾ!" ಎಂದು ಮುಂದಿನ ಸಾಲಿನ ಮುದುಕಿಯೊಬ್ಬಳು ಜೋರಾಗಿಯೇ ಓದಿದಳು.

"ಯಾವನೋ ಬರ್ದಿದ್ದು ಇದನ್ನ?" ಕಲಂಬಾಯಿ ಗುಡುಗಿ ಗಿಟಾರಿಗೆ ಕೈ ಹಾಕಿದ. ಅಷ್ಟರಲ್ಲಿ ಲೊಕ್ವಾ ಕುರ್ಚಿಗಳನ್ನು ಉರುಳಿಸಿಕೊಂಡು ಬಂದಿದ್ದ. "ಬಿಡೋ! ಅಮ್ಮನ ಕೆಳಗೆ ನನ್ ಹೆಸರಿದೆ. ಅವಳಿಗೆ ನಾನೂ ಮಗಾನೇ. ನೋಡೋಕ್ ಬಿಡೋ ನಂಗೆ!" ಎಂದು ಅವನೂ ಹಿಡಿದ. ಒಬ್ಬ ಮುಚ್ಚಲು ಎಳೆದ, ಇನ್ನೊಬ್ಬ ನೋಡಲು ಎಳೆದ. ಒಬ್ಬನ ಬೆರಳು ತಂತಿಯಲ್ಲಿ, ಇನ್ನೊಬ್ಬನ ಅಂಗೈ ಕುದುರೆಯ ಮೇಲೆ. ಗಿಟಾರು ತೂಗುಹಾಕುವ ಪಟ್ಟಿ ಕುತ್ತಿಗೆಗೆ ಬಿಗಿದುಕೊಂಡಿದ್ದ ಎಕೊಫೊ ನಡುವೆ ಅತ್ತಿತ್ತ ತೂಗಾಡಿದ. ಡ್ರಮ್ಮಿನವನು ಏನು ಮಾಡುವುದೆಂದು ತಿಳಿಯದೆ ಬಾರಿಸುತ್ತಲೇ ಇದ್ದ. ಈಗ ಕಿತ್ತೀತು, ಈಗ ಕಿತ್ತೀತು ಎಂದು ಎಕೊಫೊ ಕಣ್ಣು ಮುಚ್ಚಿಕೊಂಡ. ಕುದುರೆ ಕೂದಲೆಳೆಯಷ್ಟೂ ಏಳಲಿಲ್ಲ.

"ಕೂಗೋ!" ಎಂದ ಕಲಂಬಾಯಿ. "ಯಾರು ಈ ಬೀದಿಗೆ ದೊಡ್ಡವನು ಅಂತ ಕೂಗು!"

"ಹೌದು, ಕೂಗು!" ಎಂದ ಲೊಕ್ವಾ. "ಮೊದಲು ಯಾರ ಹೆಸರು ಬರತ್ತೋ ನೋಡೇಬಿಡೋಣ!"

ಮೈಕು ಎಕೊಫೊನ ಮೂಗಿನ ಮುಂದಿತ್ತು. ಕಲಂಬಾಯಿ ಎಂದರೆ ಲೊಕ್ವಾ ಇಲ್ಲೇ ಕೊಲ್ಲುತ್ತಾನೆ, ಲೊಕ್ವಾ ಎಂದರೆ ಕಲಂಬಾಯಿ ತಂಡವನ್ನೇ ಎತ್ತಂಗಡಿ ಮಾಡಿಸುತ್ತಾನೆ. ಪ್ರೆಸಿಡೆಂಟ್ ಕಣ್ಣಲ್ಲೇ ಸುಡುತ್ತಿದ್ದ. ಗ್ಲೋಡಿ ಆಗಲೇ ಪೆಟ್ಟಿಗೆಯ ಚಿಲಕ ತೆಗೆದಿದ್ದ. ಎಕೊಫೊ ಕಣ್ಣು ಬಿಟ್ಟು ಜನರನ್ನು ನೋಡಿದ. ಎಲ್ಲರೂ ಬಾಯಿ ತೆರೆದು ನಿಂತಿದ್ದರು. ಮಟುಜೋಲಾ ಒಬ್ಬಳು ಮಾತ್ರ ಯಾವ ಧಣಿಯನ್ನೂ ನೋಡದೆ, ಅವನನ್ನೂ ನೋಡದೆ, ಕತ್ತು ಉದ್ದ ಮಾಡಿ ಕುದುರೆಯನ್ನೇ ನೋಡುತ್ತಿದ್ದಳು. ಜ್ವರದ ಮಗುವನ್ನು ನೋಡುವ ತಾಯಿಯ ಮುಖ ಅದು. ಎಕೊಫೊನಿಗೆ ತನ್ನ ಬಗ್ಗೆ ನಾಚಿಕೆಯೆನಿಸಿತು. ಜೀವಮಾನದಲ್ಲಿ ಇಷ್ಟು ನಾಚಿಕೆ ಅವನಿಗೆ ಎಂದೂ ಆಗಿರಲಿಲ್ಲ.

"ಮಟುಜೋಲಾ...!" ಎಂದು ಕೂಗಿದ.

ಡ್ರಮ್ಮಿನವನು ಬಾರಿಸುವುದು ಬಿಟ್ಟ.

"ಮಟುಜೋಲಾ! ಈ ಗಿಟಾರಿನ ತಾಯಿ! ಇಬ್ಬರು ಧಣಿಗಳು ಎಳೆದ್ರೂ ಕಿತ್ತು ಬರದಿರೋ ಕುದುರೆ ಕೂರ್ಸಿದ ಮಟುಜೋಲಾ!"

ಮೊದಲು ಪೊಂದು ಬಡಿಸುವ ಹೆಂಗಸರು ಕೇಕೆ ಹಾಕಿದರು. ಒಬ್ಬಳು ಸೌಟಿನಿಂದ ಪಾತ್ರೆ ಬಡಿದಳು, ಇನ್ನೊಬ್ಬಳು ಮುಚ್ಚಳ ಬಡಿದಳು. ಅಲ್ಲಿಂದ ಇಡೀ ಬೀದಿಗೆ ಹತ್ತಿಕೊಂಡಿತು. ಕಲಂಬಾಯಿಯೂ ಲೊಕ್ವಾನೂ ತಮಗಿಂತ ದೊಡ್ಡವಳು ಯಾರಪ್ಪಾ ಇವಳು ಎಂದು ಒಟ್ಟಿಗೇ ತಿರುಗಿ ನೋಡಿದರು. ನೋಡುವ ಭರದಲ್ಲಿ ಎಳೆಯುವುದು ಮರೆತುಹೋಯಿತು.

"ಯಾರೋ ಅದು?" ಎಂದ ಕಲಂಬಾಯಿ, ಮಾತು ಬಿಟ್ಟದ್ದೂ ಮರೆತು.

"ನಂಗೇನ್ ಗೊತ್ತೋ. ನಿನ್ ಊಟ, ನಿನ್ ಜನ," ಎಂದ ಲೊಕ್ವಾ.

ಗ್ಲೋಡಿ ಚಿಲಕ ಮತ್ತೆ ಹಾಕಿದ.

ಮಟುಜೋಲಾ ಸೌಟು ಕೆಳಗಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ವೇದಿಕೆಯ ಬಳಿ ಬಂದಳು. ತಲೆಯಿಂದ ಒಂದು ನರೆಗೂದಲು ಕಿತ್ತು, ಬಗ್ಗಿ ಕುದುರೆಯ ಹಿಂಬದಿಯ ಸಂದಿಗೆ ತೂರಿಸಲು ನೋಡಿದಳು. ಕೂದಲು ಬಾಗಿತೇ ಹೊರತು ಒಳಗೆ ಹೋಗಲಿಲ್ಲ. ಅವಳ ಕಣ್ಣು ತುಂಬಿತ್ತು. ಈ ಸಲ ನಕ್ಕು ತುಂಬಿದ್ದಲ್ಲ. ಒರೆಸಿಕೊಳ್ಳಲು ಎಕೊಫೊ ತಾನೇ ತೋಳು ಮುಂದೆ ಹಿಡಿದ.

"ಕೂತಿದೆ," ಎಂದಳು ಮೂಗು ಸೇದುತ್ತಾ. ಆಮೇಲೆ ದನಿ ತಗ್ಗಿಸಿ, "ಇನ್ನೊಂದ್ ಸಲ ಕೂಗು. ಮೀನು ಸುಡೋ ಕಡೆ ಇದ್ದವ್ರಿಗೆ ಕೇಳಿಸ್ಲಿಲ್ಲ."