ಬೆವರದ ಚಪ್ಪಡಿ

ಕಾಂಕ್ರೀಟ್ ಕಾರ್ಖಾನೆಯ ಅಂಗಳದ ತುದಿಯಲ್ಲಿ ಪರೀಕ್ಷಾ ಕೋಣೆ, ಅದರಲ್ಲಿ ನಾನೊಬ್ಬಳೇ. ಉಳಿದವರೆಲ್ಲ ಗೇಟಿನ ಹತ್ತಿರದ ಕಟ್ಟಡದಲ್ಲಿದ್ದರು. ಗಾಳಿ ಇತ್ತ ಬೀಸಿದ ದಿನ ಮಾತ್ರ ಅವರ ನಗು ನನ್ನ ಕಿಟಕಿಯವರೆಗೆ ಬರುತ್ತಿತ್ತು. ಒಂದಿಷ್ಟು ಸಿಮೆಂಟ್ ತೆಗೆದು, ಆ ಜಾಗಕ್ಕೆ ಭತ್ತದ ಹೊಟ್ಟಿನ ಬೂದಿ ಬೆರೆಸಿ ನೋಡುವುದು ನನ್ನ ಕೆಲಸ. ಅದಕ್ಕೇ ಅವರು ನನಗಿಟ್ಟ ಹೆಸರು ಬೂದಿ ಮೇಡಂ. ಹಾಗೆಂದು ಎದುರಿಗೇ ಕರೆಯುತ್ತಿದ್ದವರು, ನನಗೆ ಚಪ್ಪಡಿ ಹೊಯ್ದುಕೊಡುತ್ತಿದ್ದ ಮೇಸ್ತ್ರಿಯಣ್ಣ ಒಬ್ಬರು. ನನ್ನ ಜೊತೆ ದಿನವೂ ಮಾತಾಡುತ್ತಿದ್ದವರೂ ಅವರೊಬ್ಬರೇ.

ಬೂದಿ ಬೆರೆಸಿ ಹೊಯ್ದ ಮೊದಲ ಎರಡು ಚಪ್ಪಡಿಗಳೂ ಮಾರನೆಯ ಬೆಳಿಗ್ಗೆಗೆ ಬತ್ತಿದ ಕೆರೆಯ ತಳದಂತೆ ಬಿರಿದಿದ್ದವು. ಸಾಹೇಬರು ಫೋನಿನಲ್ಲೇ ತೀರ್ಪು ಕೊಟ್ಟರು: "ಮೂರನೇದೂ ಬಿರಿದ್ರೆ ಬೂದಿ ಸಹವಾಸ ಸಾಕು. ಕೋಣೆಗೆ ಬೀಗ ಹಾಕಿ, ಆಫೀಸಿಗೆ ಬಂದು ಫೈಲು ಜೋಡಿಸಿ."

ಅಲ್ಲಿಯವರೆಗೆ ಕಲಸುವುದು ಮುಗಿದೊಡನೆ ನಾನು ಒಳಗೆ ಹೋಗಿ ಲೆಕ್ಕ ಬರೆಯುತ್ತಿದ್ದೆ. ಮೂರನೆಯದನ್ನು ಹೊಯ್ದ ದಿನ ಹೊರಗೇ ಬಕೆಟ್ ಬೋರಲು ಹಾಕಿ ಕೂತೆ. ಮೇಸ್ತ್ರಿಯಣ್ಣ ಮಟ್ಟಗೋಲು ಎಳೆದು, ಕರಣೆ ಕೆಳಗಿಟ್ಟು ಗೋಡೆಗೊರಗಿದರು.

"ಯಾಕೆ ನಿಲ್ಲಿಸಿದ್ರಿ? ನುಣುಪು ಮಾಡಿ ಮುಚ್ಚೋದಲ್ವಾ?"

"ಅವಸರ ಮಾಡಿದ್ರೆ ಆಗುತ್ತಾ ತಾಯಿ? ಬೆವರು ಬರಲಿ. ಬಂದು ಆರಿದ ಮೇಲೇ ಕರಣೆ ಮುಟ್ಟಿಸೋದು. ಮೂವತ್ತು ವರ್ಷದಿಂದ ಹೀಗೇ."

ಹಸಿ ಕಾಂಕ್ರೀಟಿನ ಮೇಲೆ ಏಳುವ ತೆಳು ನೀರಿಗೆ ಅವರು ಬೆವರು ಅನ್ನುತ್ತಿದ್ದರು.

"ಹೋದ ಎರಡು ಸಲ ಎಷ್ಟೊತ್ತು ಕಾದ್ರಿ?"

"ಮಧ್ಯಾಹ್ನದವರೆಗೂ. ಬರಲೇ ಇಲ್ಲ. ನಿಮ್ಮ ಥರಾನೇ ಇದೂ, ಒಳಗಿರೋದು ಹೊರಗೆ ಬಿಡಲ್ಲ."

ಅಜ್ಜಿ ಹೇಳುತ್ತಿದ್ದ ಕತೆಯೊಂದರಲ್ಲಿ ಅಳು ಬಾರದ ಹುಡುಗಿ ಇದ್ದಳು. ಅತ್ತಾಗ ಕಣ್ಣೊರೆಸೋಣವೆಂದು ಊರಿಗೆ ಊರೇ ಕಾಯುತ್ತಿತ್ತು. ಅವಳೊಳಗೊಂದು ಬಾಯಾರಿದ ಬಾವಿ. ಕಣ್ಣಿಗೆ ಬರುವ ಮೊದಲೇ ಅದು ನೀರನ್ನು ಕುಡಿದುಬಿಡುತ್ತಿತ್ತು. ಕತೆಯ ಕೊನೆ ಮರೆತಿದ್ದೇನೆ. ಕೇಳೋಣವೆಂದರೆ ಅಜ್ಜಿಯೂ ಇಲ್ಲ.

ಬೂದಿಯ ಕಣಕಣದಲ್ಲೂ ತೂತು. ಮೇಲೇಳಬೇಕಾದ ನೀರನ್ನು ಅದೇ ಹೀರುತ್ತಿತ್ತು. ಬಾರದ ಬೆವರಿಗೆ ಮೇಸ್ತ್ರಿಯಣ್ಣ ಕಾಯುತ್ತ ಕೂತಷ್ಟು ಹೊತ್ತೂ ಬಿಸಿಲು ಗಾಳಿಗೆ ಒಣಗಿದ ಹಸಿ ಮೈ ಕುಗ್ಗಿ ಬಿರಿಯುತ್ತಿತ್ತು. ನನ್ನ ಲೆಕ್ಕದಲ್ಲಿ ಈ ಕಾಯುವಿಕೆ ಇರಲೇ ಇಲ್ಲ.

"ಮೇಸ್ತ್ರಿಯಣ್ಣ, ಇದು ಬೆವರೋದೇ ಇಲ್ಲ. ಈಗಲೇ ಕರಣೆ ಹಾಕಿ."

"ಬೆವರದೆ ಇರೋ ಕಾಂಕ್ರೀಟ್ ಇರುತ್ತಾ? ಆಮೇಲೆ ಬಿರಿದ್ರೆ ನನ್ನ ತಲೆಗೆ ಕಟ್ಟಬೇಡಿ."

"ನನ್ನ ತಲೆಗೇ ಇರಲಿ."

ಗೊಣಗುತ್ತಲೇ ಅವರು ಕರಣೆ ಆಡಿಸಿದರು. ಹಿಂದೆಯೇ ನಾನು ಪ್ಲಾಸ್ಟಿಕ್ ಹಾಳೆ ಹೊದಿಸುತ್ತ ಬಂದೆ. ಗಾಳಿ ಎತ್ತಿದ ಕಡೆಯೆಲ್ಲ ಇಟ್ಟಿಗೆ ಹೇರಿದೆವು.

ಮರುದಿನ ಹಾಳೆ ಸರಿಸಿ, ಕನ್ನಡಕ ಏರಿಸಿ, ಅವರು ಇಡೀ ಚಪ್ಪಡಿಯ ಮೇಲೆ ಬೆರಳಾಡಿಸಿದರು. "ಒಂದು ಗೆರೆಯೂ ಇಲ್ವಲ್ರೀ ಬೂದಿ ಮೇಡಂ. ನನ್ನ ಮೂವತ್ತು ವರ್ಷದ ವಿದ್ಯೆ ನೀರುಪಾಲು."

ಇಬ್ಬರೂ ನಕ್ಕೆವು. ಅದರ ಮೇಲೆ ಒದ್ದೆ ಗೋಣಿಚೀಲ ಹಾಸಿದೆವು.

ವಾರ ಕಳೆದರೂ ಬಿರುಕಿಲ್ಲ. ಸಾಹೇಬರು ಖುದ್ದು ಬಂದು ನೋಡಿ, ಕೋಣೆ ನನಗೇ ಇರಲಿ ಎಂದರು. ಮೇಸ್ತ್ರಿಯಣ್ಣನನ್ನು ಮಾತ್ರ ದೂರದ ದೊಡ್ಡ ಕಾರ್ಖಾನೆಗೆ ವರ್ಗ ಮಾಡಿದರು.

"ಬೆವರಿಗೆ ಕಾಯಬೇಡ್ರೋ ಅಂತ ಅಲ್ಲಿಯವರಿಗೆ ಕಲಿಸಬೇಕಂತೆ," ಎಂದರು, ಚೀಲ ಹೆಗಲಿಗೇರಿಸುತ್ತ. "ಬರ್ತೀನಿ ತಾಯಿ."

ಹೋಗುವವರೆಲ್ಲ ಹೇಳುವುದು ಹಾಗೇ. ನಾನೂ "ಹ್ಞೂಂ, ಬನ್ನಿ" ಎಂದೆ.

ಅವರು ಗೇಟು ದಾಟುವವರೆಗೆ ನೋಡಿದೆ. ಚಪ್ಪಡಿಗೆ ಇನ್ನೂ ಇಪ್ಪತ್ತೊಂದು ದಿನ ನೀರುಣಿಸಬೇಕಿತ್ತು. ನಲ್ಲಿ ತಿರುಗಿಸಿ ಪೈಪು ಎಳೆದುಕೊಂಡು ಹೋದೆ.