ಬಲಗಡೆಯ ದೀಪ

"ಇನ್ನೊಂದ್ಸಲ ಹಾಕು," ಎಂದ ಮಂಜೇಶ್.

"ಎಷ್ಟ್ ಸಲ ರೀ? ರೊಟ್ಟಿ ಆರಿ ಹೋಗ್ತಿದೆ," ಎಂದಳು ಸರ್ವಮಂಗಳ. ಆದರೂ ಹಾಕಿದಳು. ಗಂಡ ತಾನು ಮಾಡಿದ ಕೆಲಸವನ್ನೇ ಹೀಗೆ ಕಣ್ಣು ಕೀಲಿಸಿ ನೋಡುತ್ತಿರುವುದು ಅವಳಿಗೂ ಹಿತವಾಗಿಯೇ ಇತ್ತು.

ಬೆಳಿಗ್ಗೆ ಅವಳು ಮೊಬೈಲಿನಲ್ಲಿ ತೆಗೆದ ವಿಡಿಯೋದಲ್ಲಿ ಗಿರಾಕಿ ಬೆಳ್ಯಪ್ಪನ ಜೀಪು ನಾಪೋಕ್ಲಿನ ಅವರ ಅಂಗಡಿಯ ಮುಂದಿನಿಂದ ಮತ್ತೆ ಹೊರಟಿತು. ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ರಸ್ತೆಗಿಳಿಯುವಾಗ ಬಲಕ್ಕೆ ಇಂಡಿಕೇಟರ್ ಬಿತ್ತು. ಜೀಪಿನ ಹಿಂಬದಿಗೆ ಮಂಜೇಶನೇ ಕೂರಿಸಿದ್ದ ಮೊಳದುದ್ದದ ಎಲ್‌ಇಡಿ ಪಟ್ಟಿಯಲ್ಲಿ ಹಳದಿ ದೀಪಗಳು ಒಂದರ ಹಿಂದೆ ಒಂದು ಹೊತ್ತಿಕೊಂಡು ಬೆಳಕು ಓಡಿತು. ಓಡಿದ್ದೇನೋ ಸರಿ. ಆದರೆ ಬಲತುದಿಯಿಂದ ಹೊರಟು ಎಡಕ್ಕೆ ಓಡಿತು.

"ವಿಡಿಯೋ ಉಲ್ಟಾ ಬಂದಿದೆ," ಎಂದ ಮಂಜೇಶ್. "ಸೆಲ್ಫೀಲಿ ಬರುತ್ತಲ್ಲ, ಹಂಗೆ."

"ಉಲ್ಟಾ ಬಂದಿದ್ರೆ ಎದುರಿನ ಬೇಕರಿ ಬೋರ್ಡೂ ಉಲ್ಟಾ ಕಾಣ್ಬೇಕಿತ್ತಲ್ವಾ?"

ಬೇಕರಿಯ ಹೆಸರು ನೆಟ್ಟಗೆ ಓದಲು ಬರುತ್ತಿತ್ತು. ಮಂಜೇಶನ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು.

ಶನಿವಾರಸಂತೆ ಕಡೆಯಿಂದ ಬಂದು ನಾಪೋಕ್ಲಿನಲ್ಲಿ ಗಾಡಿಗಳ ವೈರಿಂಗ್ ಅಂಗಡಿ ಇಟ್ಟವನು ಅವನು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಊಟದ ತಟ್ಟೆಯ ಪಕ್ಕದಲ್ಲೂ ಬೆಸುಗೆಯ ಕಡ್ಡಿ ಬಿಸಿಯಾಗುತ್ತಿರಬೇಕು. ಈ ಓಡುವ ದೀಪದ ಹುಚ್ಚು ಹಿಡಿಸಿದವನು ಮಾತ್ರ ಬೆಳ್ಯಪ್ಪ. ಆಯಸ್ಸೆಲ್ಲ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾಗಿ, ಈಗ ಭಾಗಮಂಡಲದಿಂದ ಕರಿಕೆಗೆ ಬಾಡಿಗೆ ಜೀಪು ಓಡಿಸುವ ಮುದುಕ. ಆ ಘಾಟಿಯಲ್ಲಿ ಇಂಡಿಕೇಟರ್ ಇರುವುದು ತಿರುಗುವುದಕ್ಕೆ ಮಾತ್ರವಲ್ಲ. ತಿರುವಿನಾಚೆ ಏನಿದೆಯೆಂದು ಹಿಂದಿನವನಿಗೆ ಕಾಣದು, ಮುಂದಿನವನೇ ಹೇಳಬೇಕು. ಎಡಕ್ಕೆ ಹಾಕಿದರೆ, ದಾರಿ ಖಾಲಿ, ಹೋಗು ಎಂದು. ಬಲಕ್ಕೆ ಹಾಕಿದರೆ, ಎದುರಿಗೆ ಗಾಡಿ ಇದೆ, ಬರಬೇಡ ಎಂದು.

"ಮಂಜಲ್ಲಿ ಒಂದು ಬಲ್ಬು ಮಿಣುಕ್ ಮಿಣುಕ್ ಅಂದ್ರೆ ಎಡವೋ ಬಲವೋ ಯಾರಿಗೆ ಗೊತ್ತಾಗ್ತದೆ ಮಾರಾಯ?" ಎಂದಿದ್ದ ಬೆಳ್ಯಪ್ಪ. "ಬೆಳಕೇ ಕೈ ಬೀಸಿ ತೋರಿಸ್ಬೇಕು. ಹಂಗೆ ಒಂದು ಮಾಡಿಕೊಡು."

ಮಾಡುವುದಕ್ಕೆ ಒಂದು ಮಳೆಗಾಲವೇ ಹಿಡಿಯಿತು. ಮೊದಲ ಪಟ್ಟಿಯೊಳಗೆ ನೀರು ನುಗ್ಗಿತು, ಎರಡನೆಯದು ಕಾದು ಸುಟ್ಟಿತು. ಕೊನೆಗೆ ಒಂದೇ ಅಚ್ಚಿನ ಎರಡು ಪಟ್ಟಿ ತಯಾರಾದವು. ಎರಡರಲ್ಲೂ ಬೆಳಕು ಒಂದೇ ದಿಕ್ಕಿಗೆ ಓಡುತ್ತದೆ. ಬಲಗಡೆಯದನ್ನು ತುದಿ ಬದಲಿಸಿ, ತಿರುಗಿಸಿ ಕೂರಿಸಬೇಕು, ಅಷ್ಟೆ. ಅಷ್ಟನ್ನೇ ಅವನು ಮರೆತಿದ್ದ. ಶುಕ್ರವಾರವಾದ್ದರಿಂದ ಬೆಳ್ಯಪ್ಪನಿಗೆ ರಾಹುಕಾಲದ ಚಿಂತೆ. ಹೊಸ ದೀಪ ಹಾಕಿಸಿಕೊಂಡ ಗಾಡಿ ಅದಕ್ಕೆ ಮುಂಚೆ ಹೊರಡಲೇಬೇಕೆಂದು ಗಡಿಯಾರ ನೋಡುತ್ತ ನಿಂತಿದ್ದ. ಎಡಗಡೆಯದನ್ನು ಹಚ್ಚಿ ನೋಡಿದರು, ಎಲ್ಲರೂ ಭೇಷ್ ಎಂದರು. ಅಷ್ಟರಲ್ಲಿ ಸರ್ವಮಂಗಳ ಕರ್ಪೂರ, ನಿಂಬೆಹಣ್ಣು ಹಿಡಿದು ಬಂದಳು. "ಬಲದ್ದೂ ನೋಡ್ಬೇಕಾ?" ಎಂದು ಬೆಳ್ಯಪ್ಪ ಕೇಳಿಯೂ ಇದ್ದ. "ಅದೂ ಹಂಗೇ ಬಿಡಣ್ಣ, ಹೊರಡಿ," ಎಂದವನು ಮಂಜೇಶನೇ.

ಬೆಳ್ಯಪ್ಪನಿಗೆ ಫೋನು ಹಚ್ಚಿದ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಮತ್ತೆ ಹಚ್ಚಿದ. ಅದೇ ಹೆಂಗಸು, ಅದೇ ಮಾತು.

"ಸ್ಟೇಟಸ್‌ಗೆ ಹಾಕ್ಬಿಟ್ಟಿದೀನಿ ರೀ," ಎಂದಳು ಸರ್ವಮಂಗಳ, ದನಿ ತಗ್ಗಿಸಿ. "ಕುಶಾಲನಗರದ ನಂದೀಶ್ ನಮ್ ಗಾಡಿಗೂ ಬೇಕು ಅಂತ ಬರೆದವ್ರೆ. ತೆಗೆದುಬಿಡ್ಲಾ?"

"ಅದನ್ನ ಕಟ್ಕೊಂಡು ಏನ್ಮಾಡ್ತೀಯ? ಆ ಮುದುಕ ಜನ ತುಂಬ್ಕೊಂಡು ಘಾಟಿ ಇಳೀತಿರ್ತಾನೆ ಕಣೇ. ಬರಬೇಡ ಅಂತ ಬಲಕ್ಕೆ ಹಾಕ್ತಾನೆ, ನನ್ ದೀಪ ಬಾ ಬಾ ಅಂತ ಕರೀತದೆ."

ಕೈ ತೊಳೆಯಲಿಲ್ಲ. ಸ್ಕ್ರೂಡ್ರೈವರನ್ನು ಜೇಬಿಗೆ ತುರುಕಿ ಬೈಕು ಹತ್ತಿದ. ಹಿಂದಿನಿಂದ ಅವಳು ಹೆಲ್ಮೆಟ್ ತಂದು ತಲೆಗೆ ಒತ್ತಿದಳು. "ನಿಧಾನ," ಎಂದಳು. ನಿಧಾನಕ್ಕೂ ಅವನಿಗೂ ಎಲ್ಲಿಯ ನಂಟು!

ಭಾಗಮಂಡಲದ ದಾರಿಯುದ್ದಕ್ಕೂ ಅವನಿಗೆ ಕೆಟ್ಟದ್ದೇ ಹೊಳೆಯಿತು. ಎದುರಿನಿಂದ ಬಂದ ಲಾರಿಯವನ ಮುಖದಲ್ಲಿ ಏನೋ ಸುದ್ದಿ ಇದ್ದಂತೆ ಕಂಡಿತು. ಒಂದು ಕಡೆ ನಾಲ್ಕು ಜನ ಗುಂಪಾಗಿ ನಿಂತಿದ್ದನ್ನು ಕಂಡು ವೇಗ ತಗ್ಗಿಸಿದ. ಹತ್ತಿರ ಹೋದರೆ ಅವರು ಮೀನು ಕೊಳ್ಳುತ್ತಿದ್ದರು. ಇಷ್ಟು ದಿನ ಬೆಳಕು ಓಡಬೇಕು, ಓಡಬೇಕು ಎಂದು ಹೆಣಗಿದ್ದೆಲ್ಲ ನೆನಪಾಗಿ ತನ್ನ ಮೇಲೆ ತನಗೇ ಕೋಪ ಉಕ್ಕಿತು. ಜೀಪುಗಳು ನಿಲ್ಲುವಲ್ಲಿ ಕೇಳಿದರೆ, ಬೆಳ್ಯಪ್ಪ ಸೀಟು ತುಂಬಿಸಿಕೊಂಡು ಈಗಷ್ಟೇ ಹೋದನೆಂದರು. ಹೊಸ ದೀಪ ಹಾಕಿಸಿದ್ದಾನೆ, ಮದುಮಗನ ಹಾಗಿದ್ದಾನೆ ಎಂದು ನಕ್ಕರು.

ಘಾಟಿಯೊಳಗೆ ಮಂಜು ಕಟ್ಟಿತ್ತು. ಒಂದು ಪಕ್ಕ ಬೆಟ್ಟದ ಗೋಡೆ, ಇನ್ನೊಂದು ಪಕ್ಕ ಬಿದಿರು ತುಂಬಿದ ಪ್ರಪಾತ, ನಡುವೆ ಎರಡು ಗಾಡಿ ಮೈಗೆ ಮೈ ತಾಗಿಸಿಕೊಂಡು ಹೋಗುವಷ್ಟು ರಸ್ತೆ. ಇಳಿಯುತ್ತ ಇಳಿಯುತ್ತ ಕೊನೆಗೆ ಜೀಪಿನ ಬೆನ್ನು ಕಂಡಿತು. ಒಳಗೆ ಹಿಂಬದಿಯ ಸೀಟಿನಲ್ಲಿ ತಲೆಗಳು, ಕಾಲಡಿಯಲ್ಲಿ ಚೀಲಗಳು. ಯಾರಿಗೂ ಏನೂ ಆಗಿರಲಿಲ್ಲ. ಮಂಜೇಶನಿಗೆ ಅಳುವೇ ಬಂದಂತಾಯಿತು.

ಹಾರ್ನು ಹೊಡೆದ. ಬೆಳ್ಯಪ್ಪ ನಿಲ್ಲಿಸಲಿಲ್ಲ. ಮತ್ತೆ ಮತ್ತೆ ಹೊಡೆದ. ಹೆಲ್ಮೆಟ್ಟಿನೊಳಗಿನ ಮುಖ ಕನ್ನಡಿಯಲ್ಲಿ ಯಾರದೆಂದು ಮುದುಕನಿಗೆ ತಿಳಿಯುವುದು ಹೇಗೆ? ಯಾರೋ ಅವಸರದವನು, ದಾರಿ ಬಿಡಲು ಹೇಳುತ್ತಿದ್ದಾನೆ ಎಂದುಕೊಂಡಿರಬೇಕು. ತಿರುವು ಬಂತು. ಮಂಜಿನಲ್ಲಿ ಜೀಪಿನ ಆಕಾರ ಮಸುಕಾಗಿ ಹಳದಿ ಬೆಳಕೊಂದೇ ಉಳಿಯಿತು. ಅದು ಎಡಕ್ಕೆ ಓಡಿತು. ಮತ್ತೊಮ್ಮೆ ಎಡಕ್ಕೆ ಓಡಿತು. ಎಷ್ಟು ಚೆನ್ನಾಗಿ, ಎಷ್ಟು ನಯವಾಗಿ! ಎಡಕ್ಕೆ ಸರಿದೆ, ಬಾ ಎಂದು ಕೈ ಬೀಸಿ ಕರೆಯುತ್ತಿತ್ತು.

ಮಂಜೇಶ್ ಆಕ್ಸಿಲರೇಟರ್ ತಿರುಚಿ ಬೈಕನ್ನು ಬಲಕ್ಕೆ ಎಳೆದ.

ಮಂಜಿನೊಳಗಿಂದ ಕೇರಳದ ಪಾಣತ್ತೂರು ಕಡೆಯ ಬಸ್ಸು ಗೋಡೆಯೇ ನಡೆದು ಬಂದ ಹಾಗೆ ಎದುರಿಗೆ ಬಂತು. ಬ್ರೇಕು ಒತ್ತಿದ್ದು ಅವನಿಗೆ ಗೊತ್ತಿಲ್ಲ. ಬೈಕು ಅಡ್ಡಡ್ಡಲಾಗಿ ಜಾರಿ, ಜೀಪಿನ ಹಿಂದೆಯೇ ಬೆಟ್ಟದ ಬದಿಯ ಚರಂಡಿಗೆ ಮೂತಿ ಇಟ್ಟು ನಿಂತಿತು. ಬಸ್ಸಿನವನು ಮಲಯಾಳದಲ್ಲಿ ಬೈದುಕೊಂಡೇ ಹೋದ. ಬೈದದ್ದು ನ್ಯಾಯವಾಗಿಯೇ ಇತ್ತು.

ಬೆಳ್ಯಪ್ಪ ಜೀಪು ನಿಲ್ಲಿಸಿ ಕೆಂಡದಂತೆ ಇಳಿದು ಬಂದ. "ಕಣ್ಣು ಕಾಣ್ತದಾ ಇಲ್ವಾ ನಿಂಗೆ? ಬಲಕ್ಕೆ ಹಾಕಿದ್ದೆ ನಾನು. ಬರಬೇಡ ಅಂತ..." ಮಂಜೇಶ್ ಹೆಲ್ಮೆಟ್ ತೆಗೆದ. "ಮಂಜೇಶಾ? ಎಂತ ಮಾರಾಯ ಇದು? ದೀಪ ಮಾಡಿದವನಿಗೇ ದೀಪ ಕಾಣ್ಲಿಲ್ವಾ?"

"ಕಾಣ್ತು ಬೆಳ್ಯಪ್ಪಣ್ಣ," ಎಂದ ಮಂಜೇಶ್. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. "ಉಲ್ಟಾ ಕೂರಿಸಿದೀನಿ. ಅದನ್ನ ಹೇಳೋಕೇ ಬಂದೆ. ಗೊತ್ತಿದ್ದೂ ನುಗ್ಗಿಬಿಟ್ಟೆ."

ಬೆಳ್ಯಪ್ಪ ಜೀಪಿನ ಹಿಂದೆ ಹೋಗಿ ನಿಂತ. ಹೊತ್ತಿ ಓಡುತ್ತಲೇ ಇದ್ದ ದೀಪವನ್ನು ನೋಡಿದ. ಒಳಗಿನಿಂದ ಒಬ್ಬಾಕೆ ಏನಾಯಿತೆಂದು ಕೇಳಿದ್ದಕ್ಕೆ, "ಏನಿಲ್ಲ, ಕೂತ್ಕೊಳ್ಳಿ," ಎಂದ. ಆಮೇಲೆ ಮಂಜೇಶನ ಕಡೆ ತಿರುಗಿ, "ತಿರುಗಿಸಿ ಹಾಕಿದ್ರೆ ಆಯ್ತಲ್ಲ. ಹಾಕು," ಎಂದ.

ಮಂಜೇಶ್ ಸ್ಕ್ರೂಡ್ರೈವರ್ ತೆಗೆದ. ತುದಿ ಸ್ಕ್ರೂವಿನ ಮೇಲೆ ನಿಲ್ಲಲೊಲ್ಲದು. ಸ್ವಲ್ಪ ಹೊತ್ತು ಪ್ರಯತ್ನಿಸಿ ಬಿಟ್ಟ. ಎರಡೂ ಪಟ್ಟಿಗಳ ವೈರು ಹಿಡಿದೆಳೆದು ಕಿತ್ತ. ಬೆಳಕು ಆರಿತು.

"ಎಡದ್ದು ಸರಿ ಇತ್ತಲ್ಲ?"

"ಇರ್ಲಿ ಅಣ್ಣ. ಇವತ್ತು ನನ್ ಕೈಮೇಲೆ ನಂಗೇ ನಂಬಿಕೆ ಇಲ್ಲ. ನಾಳೆ ನಾನೇ ಕರಿಕೆಗೆ ಬಂದು, ನಿಮ್ಮನ್ನ ಹಿಂದೆ ನಿಲ್ಲಿಸ್ಕೊಂಡು ಎರಡನ್ನೂ ಕೂರಿಸ್ತೀನಿ."

"ಸರಿ, ನೀನಿನ್ನು ಮನೆಗೆ ಹೋಗು. ಕಾಲು ತೊಳ್ಕೊ," ಎಂದು ಬೆಳ್ಯಪ್ಪ ಜೀಪು ಹತ್ತಿದ.

ಮಂಜೇಶ್ ಮನೆಯ ಕಡೆ ತಿರುಗಲಿಲ್ಲ. ಬೈಕನ್ನು ಚರಂಡಿಯಿಂದ ಎಳೆದು ನಿಲ್ಲಿಸಿ, ಇಂಡಿಕೇಟರ್ ಇಲ್ಲದ ಜೀಪಿನ ಬೆನ್ನಿಗೆ ತಾನೇ ಕಾವಲಾಗಿ ಘಾಟಿ ಇಳಿದ. ಮುಂದಿನ ತಿರುವಿನಲ್ಲಿ ಬೆಳ್ಯಪ್ಪನ ಬಲಗೈ ಕಿಟಕಿಯಿಂದ ಹೊರಗೆ ಬಂತು. ತೋಳು ಮಡಚಿದ ಖಾಕಿ ಅಂಗಿ, ಅಂಗೈ ಹಿಂದಕ್ಕೆ, ತಡಿ ಎಂದು. ಕಾರೊಂದು ಎದುರಿನಿಂದ ಬಂದು ಹಾದುಹೋಯಿತು. ತಿರುವು ದಾಟಿದ ಮೇಲೆ ರಸ್ತೆ ನೆಟ್ಟಗಾಯಿತು, ಮಂಜೂ ತೆಳುವಾಯಿತು. ಕೈ ಈಗ ಮುಂದಕ್ಕೆ ಬೀಸಿತು. ಹೋಗು, ದಾರಿ ಖಾಲಿ.

ಮಂಜೇಶ್ ವೇಗ ಇಳಿಸಿದ. ಕೈ ಮತ್ತೊಮ್ಮೆ ಬೀಸಿತು. ಅವನು ಅದನ್ನೇ ನೋಡುತ್ತ ಹಿಂದೆಯೇ ಉಳಿದ.